ಗೀಸರ್ ಸೋರುತ್ತಿದ್ದರೆ: ನೀರು ಹೊರಟ ಜಾಗ ಹುಡುಕುವ ಬಗೆ

ನಮ್ಮ ಮನೆಯ ಗೀಸರ್ ಇರುವುದು ಬಚ್ಚಲಿನ ಅಟ್ಟದ ಮೇಲೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹಾಗೇ. ಕಣ್ಣಿಗೆ ಬೀಳದ ಜಾಗವಾದ್ದರಿಂದ ಅದು ಎಂದಿನಿಂದ ಸೋರುತ್ತಿತ್ತೋ ತಿಳಿಯದು. ನಮಗೆ ಗೊತ್ತಾದದ್ದು ಬಲ್ಬಿನ ಹೋಲ್ಡರ್ ಪಕ್ಕದಲ್ಲಿ ಕಂದು ಕಲೆ ಮೂಡಿದ ಮೇಲೆ. ಕರೆಸಿದ ರಿಪೇರಿಯವರು ಐದು ನಿಮಿಷದಲ್ಲಿ ಕೆಲಸ ಮುಗಿಸಿದರು. ತೊಟ್ಟಿಕ್ಕುತ್ತಿದ್ದ ಹಿತ್ತಾಳೆ ವಾಲ್ವಿನ ಬಾಯಿಗೆ ಒಂದು ಎಂಡ್ ಪ್ಲಗ್ ಹಾಕಿ ಬಿಗಿದರು. ನೀರು ನಿಂತಿತು, ನಾವೂ ಸಮಾಧಾನಪಟ್ಟೆವು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಬಿದ್ದು ಇಡೀ ಮನೆಯ ಕರೆಂಟು ಹೋಯಿತು. ಹತ್ತಿ ನೋಡಿದರೆ ಗೀಸರಿನ ತಳದಿಂದ ನೀರು ಸುರಿಯುತ್ತಿದೆ, ವೈರು ಸೇರಿಸಿದ ಜಾಗವೆಲ್ಲ ಒದ್ದೆ.

ಅವತ್ತು ಆರ್‌ಸಿಸಿಬಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ವಾಲ್ವು ತೊಟ್ಟಿಕ್ಕುತ್ತಿದ್ದದ್ದು ಕೆಟ್ಟುಹೋಗಿ ಅಲ್ಲ, ತನ್ನ ಕೆಲಸ ಮಾಡುತ್ತಿತ್ತು. ಅದರ ಬಾಯಿ ಮುಚ್ಚಿದ್ದೇ ನಿಜವಾದ ದೋಷ. ಅಲ್ಲಿಂದ ಮುಂದೆ ನಮ್ಮ ಮನೆ, ತವರು, ನೆಂಟರ ಮನೆ ಎಂದು ಸೋರುವ ಗೀಸರು ಕಂಡಲ್ಲೆಲ್ಲ ಏಣಿ ಹತ್ತಿ ನೋಡಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿದವರೆಲ್ಲ ಸ್ವತಃ ರಿಪೇರಿ ಮಾಡಬೇಕೆಂದಿಲ್ಲ. ನೀರು ಎಲ್ಲಿಂದ ಹೊರಟಿತು ಎಂದು ಮಾತ್ರ ನೀವೇ ಕಂಡುಕೊಂಡಿರಬೇಕು. ಅಷ್ಟು ಗೊತ್ತಿದ್ದರೆ ತಪ್ಪು ರಿಪೇರಿ ನಿಮ್ಮ ಮನೆಯೊಳಗೆ ಬರುವುದಿಲ್ಲ.

ಮುಟ್ಟುವ ಮುನ್ನ

ಕೆಳಗೆ ನೀರು ನಿಂತಿದ್ದರೆ ಅಥವಾ ಪ್ಲಗ್ಗಿನ ಸುತ್ತ ಒದ್ದೆಯಾಗಿದ್ದರೆ ಗೀಸರಿನ ಸ್ವಿಚ್ಚಿಗೆ ಕೈ ಹಾಕಬೇಡಿ. ನೇರವಾಗಿ ಬೋರ್ಡಿಗೆ ಹೋಗಿ ಗೀಸರಿನ ಎಂಸಿಬಿ (ಆ ಸಾಲಿನ ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ. ಯಾವುದು ಗೀಸರಿನದೆಂದು ಗೊತ್ತಿಲ್ಲದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿಬಿಡಿ. ಎಲ್ಲ ಒಣಗಿದ ಮೇಲೆ 16 ಆಂಪಿಯರಿನ ಆ ದೊಡ್ಡ ಪ್ಲಗ್ಗನ್ನು ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನಲ್ಲ ಎಂದು ನಂಬಿಕೊಳ್ಳಬೇಡಿ. ಹಳೆಯ ಮನೆಗಳಲ್ಲಿ ಫೇಸು, ನ್ಯೂಟ್ರಲ್ಲು ಅದಲುಬದಲಾಗಿರುವುದನ್ನು ನಾನೇ ಎರಡು ಕಡೆ ನೋಡಿದ್ದೇನೆ. ಅಂಥ ಕಡೆ ಸ್ವಿಚ್ ಆರಿಸಿದರೂ ಗೀಸರಿನೊಳಗೆ ಕರೆಂಟು ಇದ್ದೇ ಇರುತ್ತದೆ.

ಆಮೇಲೆ ಗೀಸರಿಗೆ ತಣ್ಣೀರು ಹೋಗುವ ಕೊಳಾಯಿ ಮುಚ್ಚಿ. ಗೀಸರಿನ ಕೆಳಗೆ ಎರಡು ಮೂತಿಗಳಿರುತ್ತವೆ. ನೀಲಿ ಬಳೆ ಹಾಕಿರುವುದು ತಣ್ಣೀರು ಒಳಹೋಗುವ ದಾರಿ, ಕೆಂಪು ಬಳೆಯದು ಬಿಸಿನೀರು ಹೊರಬರುವ ದಾರಿ. ತಣ್ಣೀರಿನ ಆ ಕೊಳಾಯಿ, ಅಂದರೆ ಆ್ಯಂಗಲ್ ಕಾಕ್, ಬಹಳ ವರ್ಷ ತಿರುಗಿಸದೆ ಹಿಡಿದುಕೊಂಡಿದ್ದರೆ ಜೋರು ಮಾಡಬೇಡಿ, ಕತ್ತು ಮುರಿದರೆ ಇನ್ನೊಂದು ಅನಾಹುತ. ತಾರಸಿಯ ಟ್ಯಾಂಕಿನಿಂದ ಇಳಿಯುವ ಗೇಟ್ ವಾಲ್ವನ್ನೇ ಮುಚ್ಚಿ. ಕೊನೆಗೆ ಬಚ್ಚಲಿನ ಬಿಸಿನೀರಿನ ನಲ್ಲಿ ತೆರೆದು ಒಳಗಿನ ಒತ್ತಡ ಇಳಿಸಿ. ಒಳಗಿರುವುದು 60 ಡಿಗ್ರಿ ಮೀರಿದ ನೀರಾಗಿರಬಹುದು, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಸಂಗತಿ ಇದೆ. ನಲ್ಲಿಯಲ್ಲಿ ನೀರು ನಿಂತ ಮಾತ್ರಕ್ಕೆ ಗೀಸರು ಖಾಲಿಯಾಯಿತು ಎಂದುಕೊಳ್ಳುತ್ತಾರೆ. ನೆಟ್ಟಗೆ ನಿಲ್ಲಿಸಿದ (ವರ್ಟಿಕಲ್) ಗೀಸರಿನೊಳಗೆ ಬಿಸಿನೀರಿನ ಕೊಳವೆ ಟ್ಯಾಂಕಿನ ನೆತ್ತಿಯವರೆಗೂ ಹೋಗಿರುತ್ತದೆ. ತಣ್ಣೀರು ಕೆಳಗಿನಿಂದ ತುಂಬಿ ಮೇಲಿನ ಬಿಸಿನೀರನ್ನು ಆ ಕೊಳವೆಯೊಳಗೆ ತಳ್ಳಬೇಕು. ತಣ್ಣೀರು ನಿಂತರೆ ತಳ್ಳುವವರಿಲ್ಲ, 25 ಲೀಟರಿನ ಗೀಸರಿನಲ್ಲಿ 25 ಲೀಟರೂ ಹಾಗೇ ಉಳಿದಿರುತ್ತದೆ. ಇದನ್ನು ಮರೆತು ಅಡಿಯ ಬೋಲ್ಟು ಬಿಚ್ಚಿದವರ ಮುಖದ ಮೇಲೆ ಅಷ್ಟೂ ನೀರು ಬೀಳುತ್ತದೆ.

ಒರೆಸಿ, ಕಾದು ನೋಡಿ

ಕನ್ನಡದಲ್ಲಿ ನೀರು ಹೊರಬರುವುದಕ್ಕೆ ಎಷ್ಟು ಮಾತುಗಳಿವೆ ನೋಡಿ: ಜಿನುಗುವುದು, ಒಸರುವುದು, ತೊಟ್ಟಿಕ್ಕುವುದು, ಸೋರುವುದು, ಚಿಮ್ಮುವುದು. ಗೀಸರಿನ ಮಟ್ಟಿಗೆ ಒಂದೊಂದು ಮಾತೂ ಬಹುಮಟ್ಟಿಗೆ ಒಂದೊಂದು ಕಾಯಿಲೆ. ಒಸರುವುದು ಸಾಮಾನ್ಯವಾಗಿ ಕೂಡಿಕೆ. ತೊಟ್ಟಿಕ್ಕುವುದು ವಾಲ್ವು. ತಳದ ಮುಚ್ಚಳದಿಂದ ಸೋರುವುದು ಗ್ಯಾಸ್ಕೆಟ್ಟು (ಸಂದಿ ಮುಚ್ಚುವ ರಬ್ಬರ್ ಬಿಲ್ಲೆ) ಅಥವಾ ಟ್ಯಾಂಕು. ಚಿಮ್ಮುತ್ತಿದ್ದರೆ ಹುಡುಕುವ ಕೆಲಸ ಆಮೇಲೆ, ಮೊದಲು ನೀರು ನಿಲ್ಲಿಸಿ.

ನೀರು ಬೀಳುವ ಜಾಗ ನೋಡಿ ತೀರ್ಮಾನಿಸಬೇಡಿ. ಅದು ಮೈಮೇಲೆ ಹರಿದು, ವೈರಿನ ಗುಂಟ ಇಳಿದು, ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ ಹನಿಯಾಗುತ್ತದೆ. ಹೊರಟ ಜಾಗ ಒಂದಡಿ ಮೇಲಿರಬಹುದು. ಹಾಗಾಗಿ ಹಳೆಯ ಪಂಚೆಯ ತುಂಡಿನಿಂದ ಗೀಸರಿನ ಇಡೀ ಮೈ, ಎರಡು ಪೈಪು, ವಾಲ್ವು, ಹಿಂದಿನ ಗೋಡೆ ಎಲ್ಲವನ್ನೂ ಒಣಗುವಂತೆ ಒರೆಸಿ. ಪ್ರತಿ ಕೂಡಿಕೆಗೆ ಟಿಶ್ಯೂ ಕಾಗದದ ಪಟ್ಟಿ ಸುತ್ತಿ. ಕಾಗದ ಸುತ್ತಲಾಗದ ಕಡೆ ನಾನು ಒಣ ವಿಭೂತಿ ಪುಡಿ ಉದುರಿಸುತ್ತೇನೆ, ಸೀಮೆಸುಣ್ಣದ ಪುಡಿಯೂ ಆಗುತ್ತದೆ. ಒಂದೇ ಒಂದು ಹನಿ ಹರಿದರೂ ಪುಡಿಯ ಮೇಲೆ ಗೆರೆ ಮೂಡುತ್ತದೆ, ಆ ಗೆರೆಯ ಮೇಲ್ತುದಿಯೇ ನೀರು ಹೊರಟ ಜಾಗ. ತಳದ ವೈರಿನ ಮುಚ್ಚಳದ ಹತ್ತಿರ ಮಾತ್ರ ಪುಡಿ ಬೇಡ.

ಈಗ ಕರೆಂಟು ಕೊಡದೆ ತಣ್ಣೀರಿನ ಕೊಳಾಯಿ ಮಾತ್ರ ತೆರೆದು ಒಂದು ಗಂಟೆ ಬಿಡಿ. ತಣ್ಣಗಿದ್ದಾಗಲೇ ಎಲ್ಲೋ ಒದ್ದೆಯಾದರೆ ಅಲ್ಲಿಗೆ ಉತ್ತರ ಸಿಕ್ಕಿತು. ಎಲ್ಲ ಒಣಗಿಯೇ ಉಳಿದರೆ, ತಳದ ಭಾಗವೂ ಪ್ಲಗ್ಗೂ ಒಣಗಿರುವುದನ್ನು ಖಚಿತಪಡಿಸಿಕೊಂಡು, ಸ್ವಿಚ್ ಹಾಕಿ, ದೂರ ನಿಂತು ಕಾಯಿಸಿ ನೋಡಿ. ಆರ್‌ಸಿಸಿಬಿ ಇಲ್ಲದ ಮನೆಯಾದರೆ ಅಥವಾ ಅದು ಈಗಾಗಲೇ ಬಿದ್ದಿದ್ದರೆ ಈ ಎರಡನೆಯ ಪರೀಕ್ಷೆ ಮಾಡಲೇಬೇಡಿ, ಎಲೆಕ್ಟ್ರಿಷಿಯನ್ ಬರಲಿ. ತಣ್ಣಗಿದ್ದಾಗ ಸೋರುತ್ತದೋ ಕಾದಾಗ ಮಾತ್ರವೋ ಎಂಬ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರೋಗ ಪತ್ತೆಯಾದಂತೆ.

ಕಾದಾಗ ಮಾತ್ರ ತೊಟ್ಟಿಕ್ಕಿದರೆ

ನೀಲಿ ಮೂತಿಗೆ ಸೇರಿಸಿದ, ಪುಟ್ಟ ಹಿಡಿಯಿರುವ ಹಿತ್ತಾಳೆಯ ತುಂಡೇ ಸೇಫ್ಟಿ ವಾಲ್ವು. ಅದಕ್ಕೆ ಎರಡು ಕೆಲಸ. ಒಳಗೆ ಹೋದ ನೀರು ವಾಪಸು ಬಾರದಂತೆ ತಡೆಯುವುದು ಒಂದು. ಒಳಗಿನ ಒತ್ತಡ ಮಿತಿ ಮೀರಿದರೆ ಪಕ್ಕದ ಬಾಯಿಯಿಂದ ನೀರು ಬಿಟ್ಟು ಇಳಿಸುವುದು ಇನ್ನೊಂದು. ಮನೆಬಳಕೆಯ ಗೀಸರುಗಳಲ್ಲಿ ಆ ಮಿತಿ ಸಾಮಾನ್ಯವಾಗಿ 8 ಬಾರ್ (ಬಾರ್ ಎಂದರೆ ಒತ್ತಡದ ಅಳತೆ), ವಾಲ್ವಿನ ಮೈಮೇಲೇ ಕೆತ್ತಿರುತ್ತಾರೆ.

ನೀರು ಕಾದರೆ ಹಿಗ್ಗುತ್ತದೆ. 25 ಡಿಗ್ರಿಯಿಂದ 65 ಡಿಗ್ರಿಗೆ ಬಂದರೆ ಸುಮಾರು ನೂರಕ್ಕೆ 1.7ರಷ್ಟು. 25 ಲೀಟರಿನ ಗೀಸರಿನಲ್ಲಿ ಇದು ಹತ್ತಿರಹತ್ತಿರ 400 ಮಿಲಿಲೀಟರ್, 15 ಲೀಟರಿನದರಲ್ಲಿ 250. ಹಿಂದಕ್ಕೆ ಹೋಗುವ ದಾರಿಯನ್ನು ವಾಲ್ವು ಮುಚ್ಚಿದೆ, ಮುಂದಿನ ನಲ್ಲಿಯನ್ನು ನಾವು ಮುಚ್ಚಿದ್ದೇವೆ, ನೀರಂತೂ ಅದುಮಿದರೆ ಕುಗ್ಗುವ ವಸ್ತುವಲ್ಲ. ಹೆಚ್ಚಾದ ಒಂದೆರಡು ಲೋಟ ನೀರು ವಾಲ್ವಿನ ಬಾಯಿಂದ ಹೊರಬೀಳಲೇಬೇಕು. ಹಳೆಯ ಗೀಸರು ಹತ್ತು ವರ್ಷ ಒಂದು ಹನಿಯೂ ಬೀಳಿಸಲಿಲ್ಲ, ಹೊಸದು ತಂದ ದಿನವೇ ಸೋರುತ್ತಿದೆ ಎಂದು ಎಷ್ಟು ಜನ ದೂರುತ್ತಾರೆ! ಹಳೆಯದಕ್ಕೆ ತಡೆವಾಲ್ವು ಇರಲಿಲ್ಲ, ಅಷ್ಟೇ. ಹಿಗ್ಗಿದ ನೀರು ಸದ್ದಿಲ್ಲದೆ ತಾರಸಿಯ ಟ್ಯಾಂಕಿನ ಕಡೆಗೆ ಹಿಂದೆ ಸರಿಯುತ್ತಿತ್ತು.

ಪರೀಕ್ಷೆಗೆ ಒಂದು ಚೊಂಬು ಸಾಕು. ವಾಲ್ವಿನ ಬಾಯಿಯ ಕೆಳಗೆ ಇಟ್ಟು, ನಲ್ಲಿ ಎಲ್ಲೂ ತೆರೆಯದೆ ತಣ್ಣೀರಿನಿಂದ ಪೂರ್ತಿ ಕಾಯಿಸಿ. ಗೀಸರಿನ ದೀಪ ಆರಿದ ಮೇಲೆ ಚೊಂಬಿನ ನೀರು ಅಳೆದು ನೋಡಿ. ಅರ್ಧ ಲೀಟರಿನ ಒಳಗಿದ್ದು, ಕಾದು ಮುಗಿದ ಕೂಡಲೇ ಹನಿ ನಿಂತರೆ ನಿಮ್ಮ ಗೀಸರಿಗೆ ಯಾವ ರೋಗವೂ ಇಲ್ಲ. ವಾಲ್ವಿನ ಬಾಯಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಇಳಿಜಾರಾಗಿ ಬಚ್ಚಲಿನ ಮೋರಿಯವರೆಗೆ ತನ್ನಿ. ತುದಿ ಸದಾ ತೆರೆದಿರಬೇಕು. ನಡುವೆ ನಲ್ಲಿ ಹಾಕುವುದು, ತುದಿಯನ್ನು ಬಕೆಟ್ ನೀರಿನೊಳಗೆ ಮುಳುಗಿಸಿಡುವುದು ಬೇಡ. ಸ್ನಾನಕ್ಕೆ ನಿಂತವರ ತಲೆಯ ಮೇಲೆ ಬೀಳುವ ಹಾಗೂ ಇರಬಾರದು.

ಈ ಬಾಯಿಗೆ ಎಂಡ್ ಪ್ಲಗ್ ಹಾಕಿದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ನೋಡಿಯಾಯಿತು. ಪ್ರತಿ ಬೆಳಿಗ್ಗೆ ಕಾದಾಗಲೂ ಒಳಗಿನ ಒತ್ತಡ ಏರಿ, ಮೂರು ವಾರದಲ್ಲಿ ಎಲ್ಲಕ್ಕಿಂತ ದುರ್ಬಲವಾಗಿದ್ದ ತಳದ ರಬ್ಬರ್ ಗ್ಯಾಸ್ಕೆಟ್ಟನ್ನು ಒಡೆದುಕೊಂಡು ನೀರು ಬಂತು. ನಮ್ಮ ಪುಣ್ಯ, ನೀರು ಸಾಕಷ್ಟು ಕಾದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಸರಿಯಿತ್ತು. ಥರ್ಮೋಸ್ಟಾಟೂ, ಅತಿಯಾಗಿ ಕಾದರೆ ಕರೆಂಟು ಕಡಿಯುವ ಕಟೌಟೂ ಕೈಕೊಟ್ಟು, ವಾಲ್ವಿನ ಬಾಯಿಯೂ ಮುಚ್ಚಿದ್ದರೆ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯಲಾಗದೆ ಕಾಯುತ್ತಲೇ ಹೋಗುತ್ತದೆ. ಟ್ಯಾಂಕು ಬಿರಿದ ಕ್ಷಣದಲ್ಲಿ ಅದು ಒಮ್ಮೆಲೇ ಆವಿಯಾಗುತ್ತದೆ. ಗೀಸರು ಸಿಡಿದು ಗೋಡೆ ಬಿದ್ದಂಥ ಅನಾಹುತದ ಹಿಂದಿನ ಕಾರಣ ಇದೇ. ದಯವಿಟ್ಟು ಇವತ್ತೇ ಏಣಿ ಹತ್ತಿ ನಿಮ್ಮ ವಾಲ್ವಿನ ಬಾಯಿ ತೆರೆದಿದೆಯೇ ನೋಡಿ. ಯಾರಾದರೂ ಪ್ಲಗ್ ಹಾಕಿದ್ದರೆ ಅದನ್ನು ತೆಗೆಸುವವರೆಗೆ ಗೀಸರ್ ಹಾಕಬೇಡಿ.

ಕೆಲವು ಮಾದರಿಗಳಲ್ಲಿ ಇನ್ನೊಂದು ಕಾವಲಿರುತ್ತದೆ, ಫ್ಯೂಸಿಬಲ್ ಪ್ಲಗ್. ಅತಿಯಾಗಿ ಕಾದರೆ ಅದರ ಒಳಗಿನ ಮೃದು ಲೋಹ ಕರಗಿ ನೀರು ಹೊರಬಿಡುತ್ತದೆ. ಅಲ್ಲಿಂದ ಸೋರುತ್ತಿದ್ದರೆ ಥರ್ಮೋಸ್ಟಾಟನ್ನು ಪರೀಕ್ಷಿಸಿಯೇ ಹೊಸ ಪ್ಲಗ್ ಹಾಕಬೇಕು. ಆ ಜಾಗಕ್ಕೆ ಸಾದಾ ಬೋಲ್ಟು ಬಿಗಿಯುವುದೂ ಎಂಡ್ ಪ್ಲಗ್ಗಿನಷ್ಟೇ ಕೆಟ್ಟ ಕೆಲಸ.

ತಣ್ಣಗಿದ್ದಾಗಲೂ ವಾಲ್ವು ನಿಲ್ಲದಿದ್ದರೆ

ಸ್ವಲ್ಪ ಲೆಕ್ಕ ಹಾಕೋಣ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಎರಡು ಮಹಡಿಯ ಮನೆಯ ತಾರಸಿಯ ಟ್ಯಾಂಕಿನಿಂದ ಕೆಳಮನೆಯ ಗೀಸರಿಗೆ ಬರುವುದು ಅಬ್ಬಬ್ಬಾ ಎಂದರೆ ಒಂದು ಬಾರ್. 8 ಬಾರಿಗೆ ತೆರೆಯಬೇಕಾದ ವಾಲ್ವು ಒಂದಕ್ಕೇ ತೆರೆದುಕೊಂಡಿದೆ ಎಂದರೆ ತಪ್ಪು ನೀರಿನ ಒತ್ತಡದ್ದಲ್ಲ, ವಾಲ್ವಿನದು. ಒಳಗಿನ ರಬ್ಬರ್ ಪೀಠದ ಮೇಲೆ ಸುಣ್ಣದ ಕಣವೋ ಮರಳೋ ಕೂತಿದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಗೆಲ್ಲ ಟ್ಯಾಂಕರ್ ನೀರೇ ಗತಿಯಾಗಿತ್ತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕಪಕ್ಕದ ಮೂರು ಮನೆಗಳ ವಾಲ್ವುಗಳು ಹೀಗೆ ಹಿಡಿದುಕೊಂಡಿದ್ದವು. ಪುಟ್ಟ ಹಿಡಿಯನ್ನು ಎತ್ತಿ, ನೀರು ಜೋರಾಗಿ ಹರಿಯಲು ಐದಾರು ಸೆಕೆಂಡು ಬಿಟ್ಟು, ಥಟ್ಟನೆ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಕಣ ತೊಳೆದುಹೋಗಿ ಹನಿ ನಿಲ್ಲುವುದುಂಟು. ನಿಲ್ಲದಿದ್ದರೆ ವಾಲ್ವು ಬದಲಿಸಿ, ಅಷ್ಟೇ ಒತ್ತಡದ್ದನ್ನೇ ಹಾಕಿಸಿ. ತಿಂಗಳಿಗೊಮ್ಮೆ ಹಿಡಿ ಎತ್ತಿ ಇಳಿಸುವುದು ಒಳ್ಳೆಯ ರೂಢಿ.

ಅಪಾರ್ಟ್‌ಮೆಂಟಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಪ್ರೆಷರ್ ಪಂಪಿರಬಹುದು, ಇಪ್ಪತ್ತು ಮಹಡಿ ಮೇಲಿನ ಟ್ಯಾಂಕಿರಬಹುದು. ಕೆಳಮಹಡಿಯವರ ಗೀಸರುಗಳು ಮಾತ್ರ ಒಟ್ಟಿಗೆ ಸೋರತೊಡಗಿದರೆ ಆ ಸಾಲಿನ ಒತ್ತಡ ತಗ್ಗಿಸುವ ವಾಲ್ವು ಕೆಟ್ಟಿದೆಯೇ ನೋಡಬೇಕು. ಒಬ್ಬೊಬ್ಬರೇ ಗೀಸರ್ ರಿಪೇರಿಗೆ ಹಣ ಸುರಿಯುವ ಮೊದಲು ಅಸೋಸಿಯೇಷನ್ನಿನವರಿಗೆ ಹೇಳಿ ಒತ್ತಡ ಅಳೆಸಿ. ಗೀಸರಿನ ಬಾಯಲ್ಲಿ 3ರಿಂದ 4 ಬಾರ್ ಇದ್ದರೆ ಧಾರಾಳವಾಯಿತು.

ಪೈಪಿನ ಕೂಡಿಕೆ ಒಸರಿದರೆ

ಎಲ್ಲಕ್ಕಿಂತ ಸುಲಭದ್ದೂ ಇದೇ, ಆತುರದಿಂದ ಕೆಡುವುದೂ ಇದೇ. ಬಳುಕುವ ಪೈಪಿನ ತುದಿಯ ರಬ್ಬರ್ ವಾಷರು ಬಿಸಿಯಿಂದ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ವಾಷರು ಬದಲಿಸಿದರೆ ಮುಗಿಯಿತು. ಬಿಸಿನೀರಿನ ಕಡೆಗೆ ಬಿಳಿ ಪಿವಿಸಿ ಪೈಪು ಹಾಕಿದ್ದರೆ ಅದನ್ನು ತೆಗೆದು ಬಿಸಿ ತಡೆಯುವ, ಸ್ಟೀಲ್ ಹೆಣೆಗೆಯ ಪೈಪು ಹಾಕಿಸಿ. ಮೂತಿಯ ತಿರುಪಿನ ಗೆರೆಗಳಲ್ಲಿ, ಅಂದರೆ ಮರೆಯಲ್ಲಿ, ತುಕ್ಕು ಹಿಡಿದಿದ್ದರೆ ಬ್ರಷ್ಷಿನಿಂದ ಉಜ್ಜಿ, ಮರೆ ತಿರುಗುವ ದಿಕ್ಕಿಗೇ ಟೆಫ್ಲಾನ್ ಟೇಪು ಎಂಟು ಹತ್ತು ಸುತ್ತು ಬಿಗಿಯಾಗಿ ಸುತ್ತಿ.

ಸ್ಪ್ಯಾನರ್ ಹಿಡಿದವರಿಗೆ ಇದೊಂದು ಮಾತು ಹೇಳಲೇಬೇಕು. ಗೀಸರಿನ ಮೂತಿಯನ್ನು ಟ್ಯಾಂಕಿಗೆ ಬೆಸುಗೆ ಹಾಕಿರುತ್ತಾರೆ. ಒಂದೇ ಸ್ಪ್ಯಾನರಿನಿಂದ ನಟ್ಟನ್ನು ಜಗ್ಗಿದರೆ ಮೂತಿಯೂ ತಿರುಚಿ, ಬೆಸುಗೆ ಬಿಟ್ಟುಕೊಂಡು, ಒಳಗಿನ ಗಾಜಿನ ಲೇಪ ಬಿರಿಯುತ್ತದೆ. ಕೆಲವೇ ರೂಪಾಯಿಯ ವಾಷರಿನ ಕೆಲಸ ಗೀಸರನ್ನೇ ಬಲಿ ತೆಗೆದುಕೊಳ್ಳುತ್ತದೆ. ಮೂತಿಯನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸಬೇಕು. ರಿಪೇರಿಯವರು ಒಂದೇ ಸ್ಪ್ಯಾನರ್ ತಂದಿದ್ದರೆ ಪಕ್ಕದ ಮನೆಯಿಂದಾದರೂ ಇನ್ನೊಂದು ತಂದುಕೊಡಿ.

ಒಂದೇ ಕೂಡಿಕೆ ಮೂರು ತಿಂಗಳಿಗೊಮ್ಮೆ ಸೋರುತ್ತಿದ್ದರೆ ವಾಷರನ್ನು ಬೈಯಬೇಡಿ, ಗೋಡೆಯ ಬೋಲ್ಟು ನೋಡಿ. ನೀರು ತುಂಬಿದ 25 ಲೀಟರಿನ ಗೀಸರು 35 ಕಿಲೋ ಆಸುಪಾಸು ತೂಗುತ್ತದೆ. ಟೊಳ್ಳು ಇಟ್ಟಿಗೆಯ ಗೋಡೆಯಲ್ಲಿ ಅದು ಕೂದಲೆಳೆಯಷ್ಟೇ ಜಾರಿದರೂ ಭಾರವೆಲ್ಲ ಪೈಪಿನ ಮೇಲೆ ಬೀಳುತ್ತದೆ.

ತಳದ ಮುಚ್ಚಳದಿಂದ ಸೋರಿದರೆ

ತಳದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚುವುದು ಎಂದರೆ ಕರೆಂಟಿನ ಜಾಗಕ್ಕೆ ಕೈ ಹಾಕುವುದು. ವಾರಂಟಿ ಇನ್ನೂ ಇದ್ದರೆ ನೀವು ಬಿಚ್ಚಲೇಬೇಡಿ. ಅದನ್ನೇ ನೆಪ ಮಾಡಿ ವಾರಂಟಿ ಇಲ್ಲವೆನ್ನಬಹುದು. ಕಂಪನಿಯವರು ಅಥವಾ ಗೊತ್ತಿರುವವರು ಬಿಚ್ಚುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲಿ. ನೋಡಬೇಕಾದದ್ದು ಇಷ್ಟು: ಕಾಯಿಸುವ ಕಾಯಿಲನ್ನು ಕೂರಿಸಿದ ದುಂಡು ತಟ್ಟೆಯ ಅಂಚಿನಿಂದ ನೀರು ಬರುತ್ತಿದೆಯೇ, ಕಾಯಿಲಿನ ಟರ್ಮಿನಲ್ ಸಂದಿಯಿಂದ ಜಿನುಗುತ್ತಿದೆಯೇ, ಅಥವಾ ತಟ್ಟೆ ಒಣಗಿದ್ದು ಅದರ ಹೊರಗಿನ ಫೋಮು ಮತ್ತು ತಗಡಿನ ನಡುವಿನಿಂದ ಇಳಿಯುತ್ತಿದೆಯೇ?

ತಟ್ಟೆಯ ಅಂಚಾದರೆ ಗ್ಯಾಸ್ಕೆಟ್ಟು ಸೋತಿದೆ. ಬೋಲ್ಟು ಬಿಗಿದು ನೋಡೋಣ ಎನ್ನುತ್ತಾರೆ. ಗಟ್ಟಿಯಾದ ರಬ್ಬರನ್ನು ಎಷ್ಟು ಅದುಮಿದರೂ ಅದು ಮತ್ತೆ ಮೆತ್ತಗಾಗುವುದಿಲ್ಲ, ವಾರದಲ್ಲಿ ಮತ್ತೆ ಸೋರುತ್ತದೆ. ಅದೇ ಮಾದರಿಯ ಹೊಸ ಗ್ಯಾಸ್ಕೆಟ್ಟು ಹಾಕಿಸಿ. ಅದು ಕೂರುವ ಜಾಗದ ಸುಣ್ಣವನ್ನು ಪೂರ್ತಿ ಕೆರೆದು ತೆಗೆಯಬೇಕು, ಬೋಲ್ಟುಗಳನ್ನು ಕಾರಿನ ಚಕ್ರಕ್ಕೆ ಬಿಗಿಯುವಂತೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಟರ್ಮಿನಲ್ ಸಂದಿಯಿಂದ ಜಿನುಗಿದರೆ, ಅದರ ಜೊತೆಗೆ ಆರ್‌ಸಿಸಿಬಿಯೂ ಬೀಳುತ್ತಿದ್ದರೆ, ಕಾಯಿಲಿನ ತಾಮ್ರದ ಕವಚ ಒಡೆದಿದೆ. ಕಾಯಿಲು ಬದಲಿಸುವುದೇ ದಾರಿ. ಪದೇ ಪದೇ ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನು ತಪ್ಪಿಸಿ ವೈರು ಎಳೆಯುವವರಿದ್ದಾರೆ. 30 ಮಿಲಿಆಂಪಿಯರ್ ಸೋರಿದರೆ ಬೀಳಲೆಂದೇ ಅದನ್ನು ಹಾಕಿರುವುದು. ಒದ್ದೆ ಮೈಯಲ್ಲಿ ಷವರಿನ ಕೆಳಗೆ ನಿಂತವರ ಜೀವ ಕಾಯುವುದು ಅದೊಂದೇ.

ಬಿಚ್ಚಿದ ಮೇಲೆ ಒಳಗೆ ಕೂತ ಸುಣ್ಣವನ್ನೂ ತೆಗೆಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿ ನೀರಿನ ಗೀಸರಿನಲ್ಲಿ ಮೊರದ ತುಂಬ ಸುಣ್ಣದ ಚಕ್ಕೆ ಬಂದದ್ದನ್ನು ಕಂಡಿದ್ದೇನೆ. ಕಾಯಿಲನ್ನು ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ನೆನೆಸಿಟ್ಟರೆ ಸುಣ್ಣ ತಾನೇ ಬಿಡುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಬೇಡ, ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ.

ತುಕ್ಕು ನೀರು ಬಂದರೆ

ತಟ್ಟೆ ಒಣಗಿದ್ದು, ಫೋಮು ಒದ್ದೆಯಾಗಿದ್ದು, ಬೀಳುವ ನೀರಿನಲ್ಲಿ ಕಾವಿ ಬಣ್ಣ ಇದ್ದರೆ ಟ್ಯಾಂಕೇ ತೂತು. ಬೆಳಗಿನ ಮೊದಲ ಬಿಸಿನೀರೂ ಕೆಂಪಗೆ ಬರುತ್ತಿದ್ದರೆ ಅನುಮಾನ ಉಳಿಯುವುದಿಲ್ಲ. ಇದಕ್ಕೆ ರಿಪೇರಿ ಇಲ್ಲ. ವೆಲ್ಡಿಂಗ್ ಮಾಡಿಕೊಡುತ್ತೇವೆ, ಎಂಸೀಲ್ ಹಚ್ಚುತ್ತೇವೆ ಎಂದವರ ಮಾತಿಗೆ ಹೂಂ ಅನ್ನಬೇಡಿ. ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನ ಲೇಪವನ್ನು ಕುಲುಮೆಯಲ್ಲಿ ಕರಗಿಸಿ ಹಚ್ಚಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ತೂತಿನ ಸುತ್ತಲಿನ ಲೇಪ ಉದುರುತ್ತದೆ, ಒಂದು ತೂತು ಮುಚ್ಚಿದ ಕಡೆ ನಾಲ್ಕು ಹುಟ್ಟುತ್ತವೆ. ಟ್ಯಾಂಕಿನ ವಾರಂಟಿ ಹಲವು ಕಂಪನಿಗಳಲ್ಲಿ ಉಳಿದ ಭಾಗಗಳಿಗಿಂತ ಹೆಚ್ಚು ವರ್ಷ ಇರುತ್ತದೆ. ಬಿಲ್ಲು ಹುಡುಕಿ ನೋಡಿ.

ಟ್ಯಾಂಕು ಇಷ್ಟು ಬೇಗ ತೂತಾಗಬೇಕಿರಲಿಲ್ಲ ಎಂಬ ಸಂಕಟ ನನಗೆ ಪ್ರತಿ ಸಲವೂ ಆಗುತ್ತದೆ. ಗೀಸರಿನೊಳಗೆ ಮೆಗ್ನೀಸಿಯಮ್ಮಿನ ಒಂದು ಕೋಲಿರುತ್ತದೆ, ಆ್ಯನೋಡ್ ಎನ್ನುತ್ತಾರೆ. ಗಾಜಿನ ಲೇಪದಲ್ಲಿ ಸೂಜಿಮೊನೆಯಂಥ ರಂಧ್ರಗಳು ಇದ್ದೇ ಇರುತ್ತವೆ. ನೀರು ಅಲ್ಲಿ ಉಕ್ಕನ್ನು ತಿನ್ನುವ ಬದಲು ಮೆಗ್ನೀಸಿಯಮ್ಮನ್ನು ತಿನ್ನುತ್ತದೆ. ಟ್ಯಾಂಕಿಗಾಗಿ ಆ ಕೋಲು ತಾನು ಸವೆಯುತ್ತದೆ. ಅದು ತೀರಿಹೋದ ದಿನದಿಂದ ಟ್ಯಾಂಕಿನ ಸರದಿ. ಗಡಸು ನೀರಿನ ಊರಲ್ಲಿ ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಬಳಪದ ಕಡ್ಡಿಯಷ್ಟು ಸಣಕಲಾಗಿ ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಬೇಕು. ನೀರು ಮೆದು ಮಾಡುವ ಯಂತ್ರ ಹಾಕಿಸಿದ್ದೇವೆ ಎಂದು ನಿಶ್ಚಿಂತರಾಗಬೇಡಿ, ಅಂಥ ನೀರಿನಲ್ಲಿ ಸುಣ್ಣ ಕಟ್ಟುವುದಿಲ್ಲ ನಿಜ, ಆ್ಯನೋಡ್ ಮಾತ್ರ ಇನ್ನೂ ಬೇಗ ಸವೆಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಾಗ 600ರವರೆಗೆ. ನಿಮ್ಮ ಕೊಳವೆಬಾವಿಯದು ಎಷ್ಟು ಎಂದು ಒಮ್ಮೆ ಪರೀಕ್ಷೆ ಮಾಡಿಸಿಕೊಂಡೇ ಹೊಸ ಗೀಸರು ಕೊಳ್ಳಿ. ಐದಾರು ವರ್ಷ ಆ ನೀರು ಕುಡಿದ ಗೀಸರಿನ ಸರ್ವೀಸಿಗೆ ಬಂದವರು ಆ್ಯನೋಡ್ ಎಂಬ ಮಾತೇ ಎತ್ತದಿದ್ದರೆ ನೀವೇ ಕೇಳಿ.

ಗೀಸರಿನ ತಪ್ಪೇ ಅಲ್ಲದಿದ್ದರೆ

ಮಲೆನಾಡಿನ ಮಳೆಗಾಲದಲ್ಲಿ ತಣ್ಣೀರಿನ ಪೈಪಿನ ಹೊರಮೈ ಬೆವರುತ್ತದೆ, ಅದು ಸೋರಿಕೆಯಲ್ಲ. ಗೀಸರು ಒಣಗಿದ್ದು ಹಿಂದಿನ ಗೋಡೆ ಮಾತ್ರ ಒದ್ದೆಯಾದರೆ ಗೋಡೆಯೊಳಗಿನ ಪೈಪು ಅಥವಾ ಮೇಲ್ಮನೆಯ ಬಚ್ಚಲು. ಗೀಸರಿನ ಎರಡು ಕೊಳಾಯಿ ಮುಚ್ಚಿಟ್ಟರೂ ಮರುದಿನ ಗೋಡೆ ಹಸಿಯಾಗಿದ್ದರೆ ಪ್ಲಂಬರನ್ನು ಕರೆಸಿ.

ಗ್ಯಾಸ್ ಗೀಸರು ಸೋರಿದರೆ ಗ್ಯಾಸ್ ಮುಚ್ಚಿ ಕಂಪನಿಯವರನ್ನೇ ಕರೆಯಿರಿ. ನೀರು ಸೋರಿದ ಬರ್ನರು ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬಿಡಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲಿನಲ್ಲಿ ಪ್ರಾಣ ತೆಗೆಯುತ್ತದೆ.

ತಾಮ್ರದ ಬಾಯ್ಲರ್ ಇನ್ನೂ ಇರುವ ಮನೆಯವರಿಗೆ

ನಮ್ಮ ಅಜ್ಜಿ ಕರೆಂಟಿನ ಗೀಸರನ್ನೂ ಬಾಯ್ಲರ್ ಎಂದೇ ಕರೆಯುತ್ತಿದ್ದರು. ಅವರ ಬಚ್ಚಲಲ್ಲಿ ಇದ್ದದ್ದು ನಡುವೆ ಹೊಗೆಕೊಳವೆಯ ತಾಮ್ರದ ಬಾಯ್ಲರು. ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಸೌದೆ ಚೂರು ಹಾಕಿದರೆ ಕಾಲು ಗಂಟೆಯಲ್ಲಿ ನೀರು ಕಾಯುತ್ತಿತ್ತು. ಇದು ಸೋರುವುದು ಹೆಚ್ಚಾಗಿ ಎರಡು ಕಡೆ: ನಲ್ಲಿ ಸೇರುವ ಜಾಗದಲ್ಲಿ, ಮತ್ತು ಹೊಗೆಕೊಳವೆ ತಳಕ್ಕೆ ಕೂಡುವ ಬೆಸುಗೆಯಲ್ಲಿ. ಎರಡನೆಯದಕ್ಕೆ ಕಾರಣ ಸಾಮಾನ್ಯವಾಗಿ ನೀರು ಕಡಿಮೆ ಇದ್ದಾಗ ಬೆಂಕಿ ಹಾಕಿದ್ದು. ತವರ ಮತ್ತು ಸೀಸದ ಬೆಸುಗೆ 183 ಡಿಗ್ರಿಗೆಲ್ಲ ಕರಗಲು ಶುರುವಾಗುತ್ತದೆ. ಹಿಂದೆ ನೀರಿದ್ದರೆ ತಾಮ್ರ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ನೀರಿಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಬೆಸುಗೆ ಹನಿಯಾಗಿ ಬೂದಿಗೆ ಬೀಳುತ್ತದೆ. ಒದ್ದೆ ಬೂದಿ ತಳದಲ್ಲಿ ಕೂತಿದ್ದರೆ ತಾಮ್ರವೂ ಸವೆಯುತ್ತದೆ, ದಿನವೂ ಬೂದಿ ತೆಗೆಯುತ್ತಿದ್ದದ್ದು ಸುಮ್ಮನೆ ಅಲ್ಲ. ರಿಪೇರಿಗೆ ಪಾತ್ರೆ ಕೆಲಸದವರ ಹತ್ತಿರ ಒಯ್ದು, ಬೆಂಕಿ ತಾಗುವ ಕಡೆ ಹಿತ್ತಾಳೆ ಬೆಸುಗೆಯನ್ನೇ ಹಾಕಿಸಿ. ಸೀಸದ ಬೆಸುಗೆಯ ಬಾಯ್ಲರಿನ ನೀರನ್ನು ಅಡುಗೆಗೆ, ಕುಡಿಯಲು ಬಳಸಬೇಡಿ.

ರಿಪೇರಿಯವರನ್ನು ಕರೆಸುವಾಗ

ಫೋನಿನಲ್ಲಿ "ಗೀಸರ್ ಲೀಕ್ ಆಗ್ತಿದೆ" ಎಂದಷ್ಟೇ ಹೇಳಿದರೆ ಬರುವವರು ಬರಿಗೈಯಲ್ಲಿ ಬಂದು ನೋಡಿ ಹೋಗುತ್ತಾರೆ, ಅದಕ್ಕೂ ವಿಸಿಟಿಂಗ್ ಚಾರ್ಜು. "25 ಲೀಟರಿನದು, ಏಳು ವರ್ಷದ್ದು, ತಣ್ಣಗಿದ್ದಾಗಲೂ ತಳದ ಮುಚ್ಚಳದಿಂದ ಹನಿಯುತ್ತಿದೆ, ನೀರು ತಿಳಿಯಾಗಿದೆ, ತುಕ್ಕಿಲ್ಲ" ಎಂದು ಹೇಳಿ ನೋಡಿ, ಗ್ಯಾಸ್ಕೆಟ್ಟು ಜೇಬಿನಲ್ಲೇ ಬರುತ್ತದೆ. ಗೀಸರಿನ ಪಕ್ಕದಲ್ಲಿ ಅಂಟಿಸಿರುವ ಮಾದರಿ ಸಂಖ್ಯೆಯ ಫೋಟೋ ಮೊದಲೇ ಕಳಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಯಾವ ಭಾಗ ಎಂದು ಬರೆಸಿ. ವಾರಂಟಿಯಲ್ಲಿದ್ದೂ ಟ್ಯಾಂಕು ಬದಲಿಸಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ರಿಪೇರಿಯೋ ಹೊಸದೋ ಎಂಬ ಗೊಂದಲಕ್ಕೆ ನನ್ನ ಲೆಕ್ಕ ಸರಳ. ವಾಲ್ವು, ವಾಷರು, ಗ್ಯಾಸ್ಕೆಟ್ಟು, ಆ್ಯನೋಡ್ ಯಾವ ವಯಸ್ಸಿನಲ್ಲೂ ಬದಲಿಸಬಹುದು. ಕಾಯಿಲು ಹೋಗಿದ್ದು, ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟಾಗ ಕೆಂಪು ಕಲೆಗಳೂ ಕಂಡರೆ ಆ ಗೀಸರಿಗೆ ದುಡ್ಡು ಹಾಕಬೇಡಿ.

ಮತ್ತೆ ನೀರು ತುಂಬುವಾಗ

ಕೆಲಸ ಮುಗಿದ ಮೇಲೆ ಪ್ಲಗ್ ಹಾಕುವ ಆತುರ ಬೇಡ. ಬಿಸಿನೀರಿನ ನಲ್ಲಿ ತೆರೆದಿಟ್ಟು, ತಣ್ಣೀರಿನ ಕೊಳಾಯಿ ಬಿಡಿ. ಮೊದಲು ಗಾಳಿ ಬುಸ್ಸೆನ್ನುತ್ತದೆ, ಆಮೇಲೆ ಉಗುಳಿ ಉಗುಳಿ ನೀರು, ಕೊನೆಗೆ ತಡೆಯಿಲ್ಲದ ಧಾರೆ. ಧಾರೆ ಬಂದ ಮೇಲೆಯೇ ಗೀಸರು ತುಂಬಿತು ಎಂದರ್ಥ. ಅದಕ್ಕೆ ಮೊದಲೇ ಸ್ವಿಚ್ ಹಾಕಿದರೆ ನೀರಿಲ್ಲದ ಕಾಯಿಲು ಸುಟ್ಟುಹೋಗುತ್ತದೆ. ಮತ್ತೆ ಎಲ್ಲ ಒರೆಸಿ, ಕೂಡಿಕೆಗಳಿಗೆ ಟಿಶ್ಯೂ ಸುತ್ತಿ, ಒಂದು ಗಂಟೆ ತಣ್ಣಗೆ ಬಿಡಿ. ರಿಪೇರಿಯವರು ಚಹಾ ಕುಡಿಯುತ್ತಾ ಕೂತಿರಲಿ, ಹೋಗಲು ಬಿಡಬೇಡಿ. ಕಾಗದ ಒಣಗಿದ್ದರೆ ಪ್ಲಗ್ ಹಾಕಿ, ವಾಲ್ವಿನ ಕೆಳಗೆ ಚೊಂಬಿಟ್ಟು ಒಮ್ಮೆ ಪೂರ್ತಿ ಕಾಯಿಸಿ ನೋಡಿ. ಎಲ್ಲ ಸರಿಯಿದ್ದರೆ ಮಾರ್ಕರ್ ಪೆನ್ನಿನಿಂದ ಗೀಸರಿನ ಹೊಟ್ಟೆಯ ಮೇಲೆ ದೊಡ್ಡದಾಗಿ ಇವತ್ತಿನ ತಾರೀಖು, ಬದಲಿಸಿದ ಭಾಗದ ಹೆಸರು, ಅದರ ಕೆಳಗೆ ಆ್ಯನೋಡ್ ನೋಡಬೇಕಾದ ಮುಂದಿನ ತಿಂಗಳು ಬರೆದಿಡಿ.